ಮೂರನೇ ತಿಂಗಳ ಏಳನೇ ತಾರೀಖು

ನನ್ನ ಹೆಸರು ಪೇಷನ್ಸ್, ಅಂದರೆ ತಾಳ್ಮೆ. ಹೆಸರಿಟ್ಟವರು ಮಗುವನ್ನು ಒಂದು ವಾರ ನೋಡಿಕೊಂಡು ಆಮೇಲೆ ಇಟ್ಟಿದ್ದರೆ ಈ ಅನಾಹುತ ಆಗುತ್ತಿರಲಿಲ್ಲ. ನಾವು ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು, ನಮ್ಮ ಮನೆಗಳಲ್ಲಿ ಇಂಥ ಹೆಸರುಗಳೇ ಜಾಸ್ತಿ. ನನ್ನ ಸೋದರತ್ತೆಯ ಹೆಸರು ಟೇಸಿ. ಯಾವುದೋ ಹಳೆಯ ಭಾಷೆಯಲ್ಲಿ ಅದಕ್ಕೆ 'ಸುಮ್ಮನಿರು' ಅಂತ ಅರ್ಥವಂತೆ. ಎಂಬತ್ತೆರಡು ವರ್ಷದ ಟೇಸಿ ಅತ್ತೆ ಸುಮ್ಮನಿರುವುದು ವಾರಕ್ಕೊಂದು ಗಂಟೆ ಮಾತ್ರ, ಭಾನುವಾರ ಬೆಳಿಗ್ಗೆ. ಆಗ ನಮ್ಮ ಊರಿನ ಪ್ರಾರ್ಥನೆಯ ಮನೆ, ಗೂಸ್ ಹಾಲೋ ಮೀಟಿಂಗ್‌ಹೌಸಿನ ಬೆಂಚುಗಳ ಮೇಲೆ ನಾವೆಲ್ಲರೂ ಸುಮ್ಮನೆ ಕೂರುತ್ತೇವೆ. ನಮಗೆ ಪಾದ್ರಿ ಇಲ್ಲ, ಪ್ರವಚನ ಇಲ್ಲ, ಹಾಡಿಲ್ಲ. ಒಳಗಿನಿಂದ ಮಾತು ಬಂದವರು ಎದ್ದು ಹೇಳಬೇಕು, ಬರದವರು ಬಾಯಿ ಮುಚ್ಚಿಕೊಂಡಿರಬೇಕು.

ಆ ಮೀಟಿಂಗಿನ, ಅಂದರೆ ನಮ್ಮ ಸಭೆಯ, ದಾಖಲೆ ಪುಸ್ತಕ ಹತ್ತೊಂಬತ್ತು ವರ್ಷದಿಂದ ನನ್ನ ಕೈಯಲ್ಲಿದೆ. ಯಾರು ಹುಟ್ಟಿದರು, ಯಾರು ಮದುವೆಯಾದರು, ಯಾರು ಸತ್ತರು ಎಲ್ಲ ನಾನೇ ಬರೆಯಬೇಕು. ತಾರೀಖನ್ನು ನಮ್ಮ ರೀತಿಯಲ್ಲೇ ಬರೆಯುತ್ತೇವೆ. ಜನವರಿ ಅನ್ನುವುದಿಲ್ಲ, ಮೊದಲನೇ ತಿಂಗಳು. ಮೇ ಅನ್ನುವುದಿಲ್ಲ, ಐದನೇ ತಿಂಗಳು. ತಿಂಗಳುಗಳಿಗೆ ರೋಮನ್ ದೇವರುಗಳ ಹೆಸರು ಬೇಡವೇ ಬೇಡ ಅಂತ ನಮ್ಮ ಹಿರಿಯರು ಹಠ ಹಿಡಿದಿದ್ದರು. ಅವರ ಹಠಗಳಲ್ಲಿ ಇದು ಚಿಕ್ಕದು.

ದೊಡ್ಡ ಹಠ ಬೇರೆ ಇತ್ತು. ಒಬ್ಬ ಮನುಷ್ಯನಿಗೆ 'ನೀವು' ಅನ್ನಬಾರದು. ಒಬ್ಬನನ್ನು ಹಲವರೆಂದು ಕರೆದರೆ ಅದು ಮುಖಸ್ತುತಿ, ಮುಖಸ್ತುತಿ ಅಂದರೆ ಸುಳ್ಳು, ಸುಳ್ಳು ನಮಗೆ ಕೂಡದು. ರಾಜನಾದರೂ ಅಷ್ಟೇ, ರಾಜನ ಕುದುರೆ ತೊಳೆಯುವವನಾದರೂ ಅಷ್ಟೇ, ಎಲ್ಲರೂ 'ನೀನು'. ಈಗ ನಮ್ಮ ಊರಿನಲ್ಲಿ ಅದನ್ನು ಬಿಡದೆ ನಡೆಸಿಕೊಂಡು ಬಂದಿರುವುದು ಟೇಸಿ ಅತ್ತೆಯ ಮನೆ ಒಂದೇ. ಡಾಕ್ಟರಿಗೂ ಅವಳು 'ನೀನು' ಅನ್ನುತ್ತಾಳೆ, ನಾವೂ ಅವಳಿಗೆ 'ನೀನು' ಅನ್ನುತ್ತೇವೆ.

ಇದೆಲ್ಲ ಜೆತ್ರೋನಿಂದ ಬಂದದ್ದು. ಜೆತ್ರೋ ಕೆಟರ್ಬಿ ನಮ್ಮ ವಂಶದ ಮೂಲಪುರುಷ. ಇಂಗ್ಲೆಂಡಿನ ಚೆಷೈರಿನಲ್ಲಿ ನ್ಯಾಯಾಧೀಶನಿಗೆ 'ನೀನು' ಅಂದು, ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ ನಿಂತದ್ದಕ್ಕೆ ಎಂಟು ತಿಂಗಳು ಜೈಲಿನಲ್ಲಿದ್ದನಂತೆ. ಹೊರಗೆ ಬಂದವನೇ ಅಮೆರಿಕದ ಈ ಪೆನ್ಸಿಲ್ವೇನಿಯಾಕ್ಕೆ ಹಡಗು ಹತ್ತಿದ. ಕಂಕುಳಲ್ಲಿ ಒಂದು ಇಡೀ ಚೀಸಿನ ಗಟ್ಟಿ. ಹಡಗಿನಲ್ಲಿ ಒಂಬತ್ತು ವಾರ. ಬಿಸ್ಕತ್ತಿನಲ್ಲಿ ಹುಳ, ನೀರಿನಲ್ಲಿ ನಾತ. ಆದರೂ ಜೆತ್ರೋ ಆ ಚೀಸಿಗೆ ಚಾಕು ಹಾಕಲಿಲ್ಲ. ದಡ ಸೇರಿ, ಅರ್ಧ ಗಂಟೆ ಮೌನವಾಗಿ ಕೂತು, ಆಮೇಲೆ ಕತ್ತರಿಸಿ ಎಲ್ಲರಿಗೂ ಹಂಚಿದ. ಪ್ರತಿ ಆಗಸ್ಟಿನಲ್ಲಿ ವಂಶದವರೆಲ್ಲ ಸೇರುವ ಊಟದಲ್ಲಿ ಟೇಸಿ ಅತ್ತೆ ಈ ಕಥೆ ಹೇಳುತ್ತಾಳೆ. ಹೇಳಿ ಮುಗಿಯುವ ತನಕ ಮೇಜಿನ ಮೇಲಿನ ಚೀಸನ್ನು ಯಾರೂ ಮುಟ್ಟುವಂತಿಲ್ಲ. ಬಿಸಿಲಿಗೆ ಚೀಸ್ ಬೆವರುತ್ತದೆ, ನಾವೂ ಬೆವರುತ್ತೇವೆ.

ಜಗಳ ಶುರುವಾದದ್ದು ಈ ಏಪ್ರಿಲ್ ಮಧ್ಯದಲ್ಲಿ, ಅತ್ತೆಯ ಅಡುಗೆಮನೆಯಲ್ಲಿ. ನಾನೂ ಅಲ್ಲೇ ಇದ್ದೆ. ಅತ್ತೆ ಬಾಣಲೆಯಲ್ಲಿ ಸ್ಕ್ರ್ಯಾಪಲ್ ಹುರಿಯುತ್ತಿದ್ದಳು. ಸ್ಕ್ರ್ಯಾಪಲ್ ಅಂದರೆ ಹಂದಿಯ ಅಳಿದುಳಿದ ಭಾಗವನ್ನೆಲ್ಲ ಮೆಕ್ಕೆಜೋಳದ ಹಿಟ್ಟಿನ ಜೊತೆ ಬೇಯಿಸಿ ಗಟ್ಟಿ ಮಾಡಿ ಹೋಳು ಮಾಡಿದ್ದು. ಅದರ ವಾಸನೆಯಲ್ಲಿ ಬೆಳೆದವಳು ಅತ್ತೆಯ ಮೊಮ್ಮಗಳು ಕೆಝಿಯಾ. ಅಮ್ಮ ತೀರಿಕೊಂಡಾಗ ಅವಳಿಗೆ ಆರು ವರ್ಷ, ಅಲ್ಲಿಂದ ಸಾಕಿದ್ದು ಅತ್ತೆಯೇ. ಈಗ ಇಪ್ಪತ್ತೇಳು. ಅವತ್ತು ಅವಳು ತಾನು ಮದುವೆಯಾಗುವ ಸಾಂಟೊನನ್ನು ಕರೆದುಕೊಂಡು ಬಂದಿದ್ದಳು. ಸಾಂಟೊ ಇಟಲಿಯವರ ಮನೆಯ ಹುಡುಗ, ಆರಡಿ ಎತ್ತರ, ಎದುರು ಮಾತಾಡಲು ಬಾರದವನು.

"ಮದುವೆ ಅಕ್ಟೋಬರಲ್ಲಿ ಬೇಡ ಅಂತ ಅಂದ್ಕೊಂಡಿದೀವಿ ಅಜ್ಜಿ. ಮೇ ಏಳಕ್ಕೆ ಮಾಡ್ಕೋತೀವಿ" ಎಂದಳು ಕೆಝಿಯಾ.

"ಯಾಕೆ? ಅಕ್ಟೋಬರಿಗೆ ಏನು ರೋಗ ಬಂತು?"

"ಏನಿಲ್ಲ, ನೀವು ಬೇಜಾರು ಮಾಡ್ಕೋಬೇಡಿ..." ಅಂತ ಸಾಂಟೊ ಬಾಯಿ ಹಾಕಿದ.

"ನೀವು ಅಂದ್ರೆ ಯಾರಪ್ಪಾ? ನನ್ನ ಹಿಂದೆ ಇನ್ನೂ ಯಾರಾದ್ರೂ ನಿಂತಿದ್ದಾರಾ?" ಎಂದು ಅತ್ತೆ ನಿಜವಾಗಿಯೂ ತಿರುಗಿ ನೋಡಿದಳು. ನೋಡಿ, ಒಂದು ಹೋಳು ಸ್ಕ್ರ್ಯಾಪಲ್ ತಟ್ಟೆಗೆ ಹಾಕಿ ಕೆಝಿಯಾಳ ಮುಂದೆ ಇಟ್ಟಳು.

ಕೆಝಿಯಾ ಅದನ್ನು ಒಂದು ಕ್ಷಣ ನೋಡಿದಳು. ಮುಖ ಬಿಳಿಚಿತು. ಕೈಯಿಂದ ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಓಡಿದಳು. ಹಿತ್ತಿಲಿನಿಂದ ಬಂದ ಸದ್ದನ್ನು ನಾವು ಮೂವರೂ ಕೇಳಿದೆವು. ಸಾಂಟೊ ಕಿಟಕಿಯ ಪರದೆಯ ಹೂವುಗಳನ್ನು ಎಣಿಸತೊಡಗಿದ.

ಅತ್ತೆ ಒಲೆ ಆರಿಸಿದಳು. "ಎಷ್ಟು ತಿಂಗಳು?"

"ಇನ್ನೂ... ಡಿಸೆಂಬರಿಗೆ ಅಂತ ಡಾಕ್ಟರ್ ಹೇಳಿದ್ದಾರೆ" ಎಂದ ಸಾಂಟೊ, ಪರದೆಗೆ.

"ಜೆತ್ರೋ ಕೆಟರ್ಬಿ ಒಂಬತ್ತು ವಾರ ಹಸ್ಕೊಂಡು ಕೂತ, ಚೀಸಿಗೆ ಚಾಕು ಹಾಕ್ಲಿಲ್ಲ. ನಿಮ್ಮಿಬ್ಬರಿಗೆ ಅಕ್ಟೋಬರ್ ತನಕ ತಡಿಯೋಕಾಗ್ಲಿಲ್ವಾ?"

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಅತ್ತೆಗೆ ರೇಗಿದ್ದು ಅಲ್ಲೇ.

"ನಗು, ನಗು! ಜೆತ್ರೋನಿಂದ ಇಲ್ಲೀ ತನಕ ನಮ್ಮ ಮನೇಲಿ ಇಂಥದ್ದು ಆಗಿಲ್ಲ. ಆ ಸಾಕ್ಷಿಪತ್ರ ನಾನು ಬರೆಯಲ್ಲ. ಮದುವೆಗೂ ಬರಲ್ಲ. ಇದು ನನ್ನ ಮಾತು."

ಸಾಕ್ಷಿಪತ್ರ ಅಂದರೆ ಏನು ಅಂತ ಹೇಳದಿದ್ದರೆ ಈ ಮಾತಿನ ಪೆಟ್ಟು ಗೊತ್ತಾಗುವುದಿಲ್ಲ. ನಮ್ಮಲ್ಲಿ ಮದುವೆ ಮಾಡಿಸುವವರು ಯಾರೂ ಇಲ್ಲ. ಮೌನದ ನಡುವೆ ಹುಡುಗ ಹುಡುಗಿ ತಾವೇ ಎದ್ದು ನಿಂತು ಒಬ್ಬರಿಗೊಬ್ಬರು ಮಾತು ಕೊಡುತ್ತಾರೆ. ಆ ಮಾತನ್ನು ಒಂದು ದೊಡ್ಡ ಹಾಳೆಯಲ್ಲಿ ಚೆಂದವಾಗಿ ಕೈಯಲ್ಲಿ ಬರೆದಿರುತ್ತದೆ. ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ಬಂದವರೆಲ್ಲ, ತೊದಲು ಮಕ್ಕಳೂ ಸೇರಿ, ಕೆಳಗೆ ರುಜು ಹಾಕುತ್ತಾರೆ. ಸಾಯುವ ತನಕ ಅದು ಮನೆಯ ಗೋಡೆಯ ಮೇಲಿರುತ್ತದೆ. ಗೂಸ್ ಹಾಲೋದಲ್ಲಿ ನಲವತ್ತು ವರ್ಷದಿಂದ ಅದನ್ನು ಬರೆಯುತ್ತಿರುವುದು ಟೇಸಿ ಅತ್ತೆ. ಕಂಡವರ ಮಕ್ಕಳಿಗೆಲ್ಲ ಬರೆದಿದ್ದಾಳೆ.

ಕೆಝಿಯಾ ನನ್ನ ಕಾರಿನಲ್ಲಿ ಕೂತು ಅತ್ತಳು.

"ಪ್ರಿಂಟ್ ಹಾಕಿಸೋಣ ಬಿಡೇ" ಎಂದೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ.

"ಬೇಡ ಚಿಕ್ಕಮ್ಮ. ಅಜ್ಜಿ ಬರೀದಿದ್ರೆ ಗೋಡೆ ಖಾಲಿ ಇರ್ಲಿ. ಚಿಕ್ಕೋಳಿದ್ದಾಗ ಅವಳ ಪಕ್ಕ ಕೂತ್ಕೊಂಡು ಮಸಿ ಕಲಸ್ತಿದ್ದೆ. ನಿನ್ನದನ್ನ ಎಲ್ಲಾದಕ್ಕಿಂತ ಚೆನ್ನಾಗಿ ಬರೀತೀನಿ ಅಂತಿದ್ಲು." ಮೂಗು ಒರೆಸಿಕೊಂಡು ಮತ್ತೆ ಅತ್ತಳು. ನಾನು ಕಾರಿನಿಂದಿಳಿದು ವಾಪಸು ಒಳಗೆ ಹೋದೆ.

"ಅತ್ತೆ, ಮುನ್ನೂರು ವರ್ಷದಲ್ಲಿ ಒಂದು ಸಲಾನೂ ಆಗಿಲ್ಲ ಅಂತೀಯಲ್ಲ, ನಿಂಗೆ ಹೇಗೆ ಗೊತ್ತು? ನೀನೇನು ಪ್ರತಿ ಮಂಚದ ಕೆಳಗೆ ಕೂತಿದ್ಯಾ?"

"ದಾಖಲೆ ಇದೆ. ಬೇಕಾದ್ರೆ ಹೋಗಿ ನೋಡು! ದಾಖಲೆಯವಳು ನೀನೇ ತಾನೇ?"

ಹೀಗೆ ಸವಾಲು ಹಾಕಿದರೆ ನಾನು ಬಿಡುವವಳಲ್ಲ. ನಮ್ಮ ಮೀಟಿಂಗಿನ ತೀರ ಹಳೆಯ ಪುಸ್ತಕಗಳನ್ನು ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಇಟ್ಟಿದ್ದಾರೆ. ಅದನ್ನು ನೋಡಿಕೊಳ್ಳುವವಳು ವಿನಿಫ್ರೆಡ್ ಅಂತ, ನನ್ನಷ್ಟೇ ವಯಸ್ಸಿನವಳು, ಕ್ವೇಕರ್ ಅಲ್ಲ. ಮಾರನೆಯ ಬೆಳಿಗ್ಗೆಯೇ ಹೋಗಿ ಅವಳ ಮುಂದೆ ಕೂತೆ.

ಮೂರು ದಿನ ಹುಡುಕಿದೆ. ಮೊದಲನೆಯ ದಿನ ಪೂರ್ತಿ ಬೇರೆ ಯಾವನೋ ಜೆತ್ರೋನ ಹಿಂದೆ ಹೋದೆ. ಅವನು ಮೂವತ್ತಕ್ಕೇ ಹಸು ಒದ್ದು ಸತ್ತಿದ್ದ, ಮದುವೆಯೇ ಆಗಿರಲಿಲ್ಲ. ಅವನಿಂದ ನಾನು ಹುಟ್ಟಿರಲು ಸಾಧ್ಯವಿಲ್ಲ ಅಂತ ಹೊಳೆಯುವಷ್ಟರಲ್ಲಿ ಗ್ರಂಥಾಲಯ ಮುಚ್ಚುವ ಹೊತ್ತಾಗಿತ್ತು. ಎರಡನೆಯ ದಿನ ನಮ್ಮವನು ಸಿಕ್ಕಿದ, ಆದರೆ ಕೆಟರ್ಬಿ ಅಂತ ಅಲ್ಲ. ಕೆಟಲ್ಬಿ, ಕ್ಯಾಟರ್ಬೀ, ಕಿಟರ್‌ಬೈ, ಒಂದು ಕಡೆ ಬರೀ 'ಕ್ಯಾಟ್'. ಬರೆದವನಿಗೆ ಏನು ಅವಸರವಿತ್ತೋ! ಊರು ಬಿಟ್ಟು ಬರುವಾಗ ಚೆಷೈರಿನ ಮೀಟಿಂಗಿನವರು ಕೊಟ್ಟ ಪತ್ರವೂ ಇತ್ತು: 'ಜೆತ್ರೋ ನಮ್ಮವನು, ನಡತೆ ಒಳ್ಳೆಯದು, ಯಾವ ಹೆಣ್ಣಿಗೂ ಮಾತು ಕೊಟ್ಟಿಲ್ಲ, ದನಿ ಸ್ವಲ್ಪ ಜೋರು.' ಓದಿ ನನಗೆ ಅವನ ಮೇಲೆ ಪ್ರೀತಿ ಬಂತು. ಚೀಸಿನ ಸುದ್ದಿ ಎಲ್ಲಿಯೂ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ, ಎರಡು ಸಾಲು ಸಿಕ್ಕಿದವು. ಒಂದು: ಜೆತ್ರೋ ಕೆಟರ್ಬಿ ಮತ್ತು ಮರ್ಸಿ ಅವರ ಮದುವೆ, ೧೬೯೯, ನಾಲ್ಕನೇ ತಿಂಗಳ ಮೂರನೇ ತಾರೀಖು. ಇನ್ನೊಂದು: ಜೆತ್ರೋ ಮತ್ತು ಮರ್ಸಿಯ ಮೊದಲ ಮಗು ಸೈಲಸ್‌ನ ಜನನ, ೧೬೯೯, ಮೊದಲನೇ ತಿಂಗಳ ಇಪ್ಪತ್ತನೇ ತಾರೀಖು.

ಮತ್ತೊಮ್ಮೆ ಓದಿದೆ. ಮದುವೆ ಏಪ್ರಿಲ್‌ನಲ್ಲಿ. ಮಗು ಜನವರಿಯಲ್ಲಿ. ಅದೇ ವರ್ಷ. ಮಗು ಹುಟ್ಟಿ ಎರಡೂವರೆ ತಿಂಗಳಾದ ಮೇಲೆ ಮದುವೆ!

ಅಯ್ಯೋ ನನ್ನ ಜೆತ್ರೋ! ಚೀಸ್ ಒಂದನ್ನು ಬಿಟ್ಟು ಎಲ್ಲದಕ್ಕೂ ಚಾಕು ಹಾಕಿದ್ದೀಯಲ್ಲೋ! ಗ್ರಂಥಾಲಯದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಲ್ಲಿದ್ದವರೆಲ್ಲ ಶ್‌ಶ್ ಅಂದರು. ಮೌನದಲ್ಲಿ ಬೆಳೆದ ನನಗೆ ಯಾರೂ ಜೀವಮಾನದಲ್ಲಿ ಶ್‌ಶ್ ಅಂದಿರಲಿಲ್ಲ. ಎರಡೂ ಪುಟದ ನಕಲು ಮಾಡಿಸಿಕೊಂಡು, ವಿನಿಫ್ರೆಡ್ "ಒಂದ್ನಿಮಿಷ ಇರಿ, ಆ ತಾರೀಖು..." ಅಂತ ಏನೋ ಹೇಳುತ್ತಿದ್ದರೂ ಕೇಳದೆ ಓಡಿದೆ. ನನ್ನ ಹೆಸರಿನ ಬಗ್ಗೆ ಮೊದಲೇ ಹೇಳಿದ್ದೇನೆ.

ಅತ್ತೆ ವರಾಂಡದಲ್ಲಿ ಬಟಾಣಿ ಬಿಡಿಸುತ್ತಿದ್ದಳು. ನಕಲುಗಳನ್ನು ಬಟಾಣಿಯ ಮೇಲೆಯೇ ಇಟ್ಟೆ.

"ಓದು. ನಿನ್ನ ಜೆತ್ರೋನ ಸಂಯಮ ಓದು."

ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡಳು. ಮೊದಲ ಹಾಳೆ ಓದಿದಳು. ಎರಡನೆಯದನ್ನು ಓದಿದಳು. ಬಾಯಿ ತೆರೆದಳು, ಮುಚ್ಚಿದಳು. ನನ್ನ ಮುಖ ನೋಡಿದಳು. ಮತ್ತೆ ಹಾಳೆ ನೋಡಿದಳು. ಭಾನುವಾರವಲ್ಲದ ದಿನ ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದು ನಾನು ಕಂಡಂತೆ ಅದೇ ಮೊದಲು. ಪಾಪ, ಎದೆ ಒಡೆಯಿತೇನೋ ಅಂತ ನನಗೆ ಒಂದು ಕ್ಷಣ ಭಯವೂ ಆಯಿತು.

"ಮದುವೆಗೆ ಮುಂಚೆನೇ ಮಗು ಅಂತೀಯಾ?" ಎಂದಳು ಕೊನೆಗೆ.

"ನಾನಲ್ಲ, ದಾಖಲೆ ಅನ್ನುತ್ತೆ."

"ನೀನೇ ಎಣಿಸಿದ್ಯಾ?"

"ನಾನೇ ಎಣಿಸ್ದೆ. ಎರಡೂವರೆ ತಿಂಗಳು."

"ಖಂಡಿತ?"

"ಖಂಡಿತ!"

ಅತ್ತೆ ಹಾಳೆಗಳನ್ನು ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. "ಸರಿ ಹಾಗಾದ್ರೆ. ಹತ್ತೊಂಬತ್ತು ವರ್ಷದಿಂದ ದಾಖಲೆ ಬರೆಯೋಳು ನೀನು. ನೀನೇ ಹೀಗೆ ಅಂದ್ಮೇಲೆ ನಾನ್ಯಾಕೆ ಬಿಗಿದುಕೊಂಡು ಕೂರ್ಲಿ? ಆ ಹುಡುಗಿಗೆ ಫೋನ್ ಮಾಡು. ಬಂದು ಮಸಿ ಕಲಸೋಕೆ ಹೇಳು."

ಅವತ್ತು ನಾನು ಗೆದ್ದ ಖುಷಿಯಲ್ಲಿ ಊರೆಲ್ಲ ಹೇಳಿಕೊಂಡು ಬಂದೆ. ಅಂಚೆಯವಳಿಗೆ, ಹಾಲಿನಂಗಡಿಯವನಿಗೆ, ಕೆಟರ್ಬಿ ಹೆಸರಿನ ಪ್ರತಿಯೊಬ್ಬರಿಗೂ. ಸಾಂಟೊನ ತಾಯಿ ಫಿಲೊಮಿನಾಳಿಗೂ ಹೇಳಿದೆ. ಅವಳು ಎರಡೂ ಕೈಯಲ್ಲಿ ನನ್ನ ಕೆನ್ನೆ ಹಿಡಿದು, "ಅಂತೂ ನಿಮ್ಮೋರೂ ಮನುಷ್ಯರೇ ಅನ್ನಿ! ನಾನು ಹೆದರ್ಕೊಂಡಿದ್ದೆ" ಎಂದಳು.

ಮದುವೆಗೆ ಎಂಟು ದಿನ ಇದ್ದಾಗ, ಶುಕ್ರವಾರ, ವಿನಿಫ್ರೆಡ್ ಫೋನ್ ಮಾಡಿದಳು.

"ಪೇಷನ್ಸ್, ಜೆತ್ರೋಗೆ ಮದುವೆಗೆ ಮುಂಚೆ ಮಗು ಆಗಿತ್ತು ಅಂತ ಹೇಳ್ಕೊಂಡು ತಿರುಗ್ತಿದೀರಂತೆ?"

"ನಿಮ್ಮ ಪುಸ್ತಕದಲ್ಲೇ ಇದೆಯಲ್ಲ!"

"ಅದ್ಸರಿ, ಹಾಗೆ ಆಗಿದ್ರೆ ಮೀಟಿಂಗಿನೋರು ಅವನ ಹತ್ರ ತಪ್ಪೊಪ್ಪಿಗೆ ಬರೆಸ್ಕೋತಿದ್ರು. ಆ ಕಾಗದ ಎಲ್ಲಿ?"

"ಇಲಿ ತಿಂದಿರುತ್ತೆ."

"ಮೊದಲನೇ ತಿಂಗಳು ಅಂದ್ರೆ ಯಾವುದು ಹೇಳಿ."

"ಜನವರಿ. ಇದೂ ಒಂದು ಪ್ರಶ್ನೆನಾ?"

ಆ ಕಡೆಯಿಂದ ದೊಡ್ಡ ನಿಟ್ಟುಸಿರು ಬಂತು. "ಈಗ ಜನವರಿ. ಆಗ ಮಾರ್ಚ್! ಆ ಕಾಲದಲ್ಲಿ ಹೊಸ ವರ್ಷ ಹುಟ್ಟುತ್ತಿದ್ದದ್ದೇ ಮಾರ್ಚ್ ಇಪ್ಪತ್ತೈದಕ್ಕೆ. ಐವತ್ತು ವರ್ಷ ಆದ್ಮೇಲೆ ಕ್ಯಾಲೆಂಡರ್ ಬದಲಾಯ್ತು. ಜೆತ್ರೋ ಮದುವೆ ನಾಲ್ಕನೇ ತಿಂಗಳು, ಅಂದ್ರೆ ಜೂನ್. ಮಗು ಹುಟ್ಟಿದ್ದು ಅದಾದ್ಮೇಲೆ ಬಂದ ಮಾರ್ಚ್ ಇಪ್ಪತ್ತಕ್ಕೆ. ಹೊಸ ವರ್ಷಕ್ಕೆ ಇನ್ನೂ ಐದು ದಿನ ಇತ್ತಲ್ಲ, ಅದಕ್ಕೇ ಹಳೇ ವರ್ಷಾನೇ ಹಾಕಿದ್ದಾರೆ. ಮೊದಲು ಮದುವೆ, ಒಂಬತ್ತು ತಿಂಗಳು ಹದಿನೇಳು ದಿನ ಆದ್ಮೇಲೆ ಮಗು. ಅಚ್ಚುಕಟ್ಟಾದ ಮನುಷ್ಯ!"

ನನಗೆ ಕೂತಲ್ಲೇ ಬೆವರಿತು.

"ಬೇರೆ ಯಾರು ಬಂದ್ರೂ ಮೊದಲನೇ ತಿಂಗಳು ಅಂದ್ರೇನು ಅಂತ ಕೇಳ್ತಾರೆ, ನಾನು ಹೇಳಿ ಕಳಿಸ್ತೀನಿ" ಎಂದಳು ವಿನಿಫ್ರೆಡ್. "ಕ್ವೇಕರ್‌ಗಳು ಮಾತ್ರ ಕೇಳೋದೇ ಇಲ್ಲ. ನಿಮಗೆ ಗೊತ್ತಲ್ಲ!"

ಈಗ ನನ್ನ ಪಾಡು ನೋಡಿ. ನಮ್ಮ ಜನ ಕೋರ್ಟಿನಲ್ಲಿ ಆಣೆ ಕೂಡ ಮಾಡುವುದಿಲ್ಲ, ಯಾಕೆಂದರೆ ನಮ್ಮ ಮಾತು ಯಾವಾಗಲೂ ನಿಜವೇ ಆಗಿರಬೇಕು. ಜೆತ್ರೋನ ಹೆಸರಿಗೆ ಮಸಿ ಬಳಿದವಳು ನಾನು. ನಿಜ ಹೇಳಿದರೆ ಅತ್ತೆ ಪೆನ್ನು ಕೆಳಗಿಡುತ್ತಾಳೆ, ಕೆಝಿಯಾಳ ಗೋಡೆ ಖಾಲಿ. ಹೇಳದಿದ್ದರೆ ಗೊತ್ತಿದ್ದೂ ಗೊತ್ತಿದ್ದೂ ಸುಳ್ಳನ್ನು ಸಾಕಿಕೊಂಡಂತೆ. ಎರಡು ದಿನ ಅನ್ನ ನೀರು ಸೇರಲಿಲ್ಲ.

ಭಾನುವಾರ ಮೀಟಿಂಗಿನಲ್ಲಿ ಕೂತೆ. ಮೌನ. ಯಾರದೋ ಹೊಟ್ಟೆ ಗುರ್ ಅಂದಿತು. ನನ್ನೊಳಗೆ ಜೂನ್, ಮಾರ್ಚ್, ಜೂನ್, ಮಾರ್ಚ್ ಅಂತ ಕುಣಿಯುತ್ತಿತ್ತು. ಇನ್ನು ತಡೆಯಲಾರೆ ಅನ್ನಿಸಿ ಎದ್ದು ನಿಂತೆ. ಎಲ್ಲರೂ ನನ್ನ ಕಡೆ ತಿರುಗಿದರು. ಎದುರು ಬೆಂಚಿನಿಂದ ಟೇಸಿ ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು. ಅವಳ ಪಕ್ಕದಲ್ಲಿ ಕೆಝಿಯಾ. ಅವಳ ಬೆರಳುಗಳಲ್ಲಿ ಮಸಿಯ ಕಲೆ, ಮುಖದಲ್ಲಿ ನಗು.

"ಚಳಿ ಕಡಿಮೆ ಆಗಿದೆ" ಎಂದು ಹೇಳಿ ಕೂತೆ.

ಮೀಟಿಂಗ್ ಮುಗಿದ ಮೇಲೆ ಇಬ್ಬರು ಹಿರಿಯರು ಬಂದು ನನ್ನ ಕೈ ಹಿಡಿದುಕೊಂಡು, ಆ ಮಾತು ತಮ್ಮ ಹೃದಯಕ್ಕೆ ತಟ್ಟಿತು ಎಂದರು. ಒಬ್ಬರ ಕಣ್ಣಲ್ಲಿ ನೀರಿತ್ತು.

ಸೋಮವಾರ ಅತ್ತೆಯ ಮನೆಗೆ ಹೋದೆ. "ಅತ್ತೆ, ಆ ಜೆತ್ರೋ ವಿಷಯ..."

"ಸುಮ್ನಿರು, ಮಸಿ ಒಣಗ್ತಿದೆ. ಗಾಳಿ ಬಿಡಬೇಡ."

ಬುಧವಾರ ಮತ್ತೆ ಹೋದೆ. "ಅತ್ತೆ, ಒಂದು ಮಾತು ಹೇಳ್ಬೇಕು, ಆ ತಾರೀಖು..."

"ಕಿವಿ ಕೇಳಿಸ್ತಿಲ್ಲ ಇವತ್ತು. ನೆಗಡಿ."

ಶುಕ್ರವಾರ ಬಾಗಿಲನ್ನೇ ತೆಗೆಯಲಿಲ್ಲ. ಕಿಟಕಿಯಿಂದ ತಲೆ ಹಾಕಿ, "ಸ್ನಾನ ಮಾಡ್ತಿದೀನಿ" ಎಂದಳು. ಮೈ ಮೇಲೆ ಮಸಿ ಹತ್ತಿದ ಏಪ್ರನ್ ಇತ್ತು, ಕೈಯಲ್ಲಿ ಪೆನ್ನು. ಸರಿ, ದೇವರೇ ಬೇಡ ಅನ್ನುತ್ತಿದ್ದಾನೆ ಅಂದುಕೊಂಡು ಮನೆಗೆ ಬಂದೆ.

ಮೇ ಏಳು, ಶನಿವಾರ. ಮೀಟಿಂಗ್‌ಹೌಸ್ ತುಂಬಿತ್ತು. ಎಡಗಡೆ ನಮ್ಮವರು ಮೌನವಾಗಿ, ಬಲಗಡೆ ಸಾಂಟೊನ ಕಡೆಯವರು ಮೌನವಾಗಿರಲು ಒದ್ದಾಡುತ್ತಾ. ಯಾವಾಗ ಶುರುವಾಗುತ್ತೆ ಅಂತ ಅವರು ಪಿಸುಗುಟ್ಟುತ್ತಿದ್ದರು, ಶುರುವಾಗಿ ಇಪ್ಪತ್ತು ನಿಮಿಷ ಆಗಿತ್ತು. ಕೆಝಿಯಾ ಮತ್ತು ಸಾಂಟೊ ಎದ್ದು ಕೈ ಹಿಡಿದು ಮಾತು ಕೊಟ್ಟರು. ಸಾಂಟೊನ ದನಿ ಒಡೆಯಿತು, ಫಿಲೊಮಿನಾ ಗಟ್ಟಿಯಾಗಿ ಅತ್ತಳು. ಆಮೇಲೆ ನನ್ನ ಸರದಿ. ಸಾಕ್ಷಿಪತ್ರ ಓದುವುದು ದಾಖಲೆಯವಳ ಕೆಲಸ.

ಹಾಳೆ ಬಿಚ್ಚಿದೆ. ಅಬ್ಬಾ, ಎಂಥ ಅಕ್ಷರ! ಎಂಬತ್ತೆರಡು ವರ್ಷದ ಕೈ ಎಲ್ಲಿಯೂ ನಡುಗಿರಲಿಲ್ಲ. ನಲವತ್ತು ವರ್ಷದಲ್ಲಿ ಬರೆದ ಯಾವುದೂ ಇದರ ಹತ್ತಿರ ಬರುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು ಓದಿದೆ: "ಕೆಝಿಯಾ ಮತ್ತು ಸಾಂಟೊ, ಗೂಸ್ ಹಾಲೋ ಮೀಟಿಂಗಿನಲ್ಲಿ, ಎಲ್ಲರ ಸಮ್ಮುಖದಲ್ಲಿ, ಮೂರನೇ ತಿಂಗಳ..."

ನಿಂತೆ. ಕಣ್ಣು ಉಜ್ಜಿಕೊಂಡೆ. ಮೂರನೇ ತಿಂಗಳ ಏಳನೇ ತಾರೀಖು ಅಂತಲೇ ಇತ್ತು.

"ಮೂರನೇ ತಿಂಗಳು" ಎಂದು ಮತ್ತೆ ಓದಿದೆ, ಬೇರೆ ದಾರಿ ಇರಲಿಲ್ಲ.

ಬಲಗಡೆಯಿಂದ ಫಿಲೊಮಿನಾಳ ಪಿಸುಮಾತು ಛಾವಣಿಗೆ ತಾಗಿತು. "ಅಯ್ಯೋ ದೇವರೇ, ಹುಡುಗಿಗೆ ಮೂರನೇ ತಿಂಗಳು ಅಂತ ಅದನ್ನೂ ಪತ್ರದಲ್ಲಿ ಬರೆದ್ಬಿಟ್ರಾ! ಈ ಜನ ಸುಳ್ಳು ಹೇಳಲ್ಲ ಅಂತ ಗೊತ್ತಿತ್ತು, ಆದ್ರೆ ಇಷ್ಟೊಂದಾ?"

ಸಾಂಟೊನ ಚಿಕ್ಕಪ್ಪಂದಿರು ಮೊದಲು ನಕ್ಕರು. ಆಮೇಲೆ ಕೆಝಿಯಾ. ಆಮೇಲೆ, ಆ ಕಟ್ಟಡ ಕಟ್ಟಿದಾಗಿನಿಂದ ಬಹುಶಃ ಮೊದಲ ಸಲ, ನಮ್ಮ ಎಡಗಡೆಯ ಬೆಂಚುಗಳೂ ಅಲುಗಾಡಿದವು. "ಪಾಪ, ವಯಸ್ಸಾಯ್ತು, ತಿಂಗಳು ಮರೆತಿದ್ದಾಳೆ" ಅಂತ ನನ್ನ ಹಿಂದೆ ಯಾರೋ ಅಂದರು. ನಾನು ಎದುರು ಬೆಂಚಿನ ಕಡೆ ನೋಡಿದೆ. ಟೇಸಿ ಅತ್ತೆ ನೆಟ್ಟಗೆ ಕೂತು ನನ್ನನ್ನೇ ನೋಡುತ್ತಿದ್ದಳು. ಮರೆತವರ ಮುಖ ಅದಾಗಿರಲಿಲ್ಲ. ಮಾರ್ಚ್ ಮೊದಲನೆಯದಾದರೆ ಏಪ್ರಿಲ್ ಎರಡು, ಮೇ ಮೂರು. ಉಳಿದದ್ದನ್ನು ಹೇಗೋ ಓದಿ ಮುಗಿಸಿದೆ.

ಎಲ್ಲರೂ ರುಜು ಹಾಕಿದ ಮೇಲೆ ಅಂಗಳದಲ್ಲಿ ಊಟ. ಫಿಲೊಮಿನಾ ತಂದ ಪಾಸ್ತಾದ ತಟ್ಟೆಗಳ ನಡುವೆ ನಮ್ಮ ಚೀಸಿನ ಗಟ್ಟಿ ಇತ್ತು. ಅತ್ತೆ ಅದರ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದಳು. ಪಕ್ಕದಲ್ಲಿ ಕೂತೆ.

"ಅತ್ತೆ, ಇದು ಐದನೇ ತಿಂಗಳು."

"ಜೆತ್ರೋ ಲೆಕ್ಕದಲ್ಲಿ ಮೂರು."

"ನಿಂಗೆ ಇದು ಯಾವಾಗ ಗೊತ್ತಾಯ್ತು?"

"ಹನ್ನೆರಡು ವರ್ಷದೋಳಿದ್ದಾಗ. ನಮ್ಮಜ್ಜ ಹೇಳ್ಕೊಟ್ಟಿದ್ದ."

"ಅಂದ್ರೆ ನಾನು ಆ ನಕಲು ತಂದ ದಿನ..."

"ಓದಿದ ತಕ್ಷಣ ಗೊತ್ತಾಯ್ತು. ಎಂಥಾ ದಡ್ಡಿಯೇ ನೀನು ಅಂತ ಬಾಯಿ ತನಕ ಬಂದಿತ್ತು. ನುಂಗ್ಕೊಂಡೆ. ಈ ವಯಸ್ಸಲ್ಲಿ ಅಷ್ಟು ದೊಡ್ಡದನ್ನ ನುಂಗೋದು ಸುಲಭ ಅಲ್ಲ."

"ಮತ್ತೆ ಹೇಳ್ಲಿಲ್ಲ ಯಾಕೆ? ವಾರವೆಲ್ಲ ನಾನು ಒದ್ದಾಡಿ ಸತ್ತೆ!"

"ನೀನು ಕೇಳ್ಲಿಲ್ಲ. ನಾನೇ ನಿನ್ನ ಕೇಳ್ದೆ, ನೀನೇ ಎಣಿಸಿದ್ಯಾ ಅಂತ. ಖಂಡಿತ ಅಂದೆ." ಅತ್ತೆ ಅಂಗಳದ ಆ ಕಡೆ ನೋಡಿದಳು. ಕೆಝಿಯಾ ಸಾಕ್ಷಿಪತ್ರವನ್ನು ಎದೆಗೆ ಒತ್ತಿಕೊಂಡು ಸಾಂಟೊನ ಚಿಕ್ಕಮ್ಮಂದಿರಿಗೆ ತೋರಿಸುತ್ತಿದ್ದಳು, ಯಾರ ಕೈಗೂ ಕೊಡುತ್ತಿರಲಿಲ್ಲ. "ಆರು ವರ್ಷದೋಳಿಂದ ಸಾಕಿದೀನಿ ಪೇಷನ್ಸ್. ಅವಳ ಮದುವೆಗೆ ಬರಲ್ಲ ಅಂತ ಸಿಟ್ಟಲ್ಲಿ ಅಂದ್ಬಿಟ್ಟೆ. ಅಂದ್ಮೇಲೆ ಮಾತು ಮಾತೇ ಅಲ್ವಾ ನಮ್ಮಲ್ಲಿ? ಮೂರು ದಿನ ಊಟ ಸೇರ್ಲಿಲ್ಲ ನಂಗೆ. ಮರ ಹತ್ತಿ ಕೂತಿದ್ದೆ, ಇಳಿಯೋದು ಹೇಗೆ ಅಂತ ಗೊತ್ತಾಗ್ತಿರ್ಲಿಲ್ಲ. ನೀನು ಏಣಿ ಹಿಡ್ಕೊಂಡು ಓಡಿ ಬಂದೆ. ಏಣಿ ಮುರುಕಲು ಅಂತ ನಾನ್ಯಾಕೆ ಹೇಳ್ಲಿ?"

ಅಳು ಬರುವ ಹಾಗಾದಾಗ ನಾನು ರೇಗುತ್ತೇನೆ. "ಅದ್ಸರಿ, ಪತ್ರದಲ್ಲಿ ಮೂರು ಅಂತ ಯಾಕೆ ಬರೆದೆ? ಊರೆಲ್ಲ ನಿಂಗೆ ಮರುಳು ಅಂತಿದೆ."

"ಅನ್ಲಿ. ಆ ಪತ್ರಾನ ಪುಸ್ತಕಕ್ಕೆ ನಕಲು ಮಾಡೋಳು ಯಾರು?"

"ನಾನು. ಇದ್ದದ್ದು ಇದ್ದ ಹಾಗೆ, ಒಂದಕ್ಷರ ಬದಲಾಯಿಸೋ ಹಾಗಿಲ್ಲ."

"ಮಗು ಹುಟ್ಟಿದ್ದನ್ನ ಬರೆಯೋಳು?"

"ಅದೂ ನಾನೇ."

"ಡಿಸೆಂಬರಿಗೆ ಹುಟ್ಟಿದ್ರೆ ಏನಂತ ಬರೀತೀಯ? ನಿಂಗೆ ಹೊಸ ಲೆಕ್ಕ ಬಿಟ್ಟು ಬೇರೆ ಗೊತ್ತಿಲ್ವಲ್ಲ."

"ಹನ್ನೆರಡನೇ ತಿಂಗಳು ಅಂತ."

"ಎಣಿಸು."

ಮೇಜಿನ ಕೆಳಗೆ ಬೆರಳು ಮಡಚಿದೆ. ಮೂರರಿಂದ ಹನ್ನೆರಡು. ಒಂಬತ್ತು ಬೆರಳು ಮಡಚಿದವು, ಒಂದು ಉಳಿಯಿತು.

"ಮುನ್ನೂರು ವರ್ಷ ಆದ್ಮೇಲೆ ನಿನ್ನಂಥ ಒಬ್ಬಳು ಬರ್ತಾಳೆ" ಎಂದಳು ಅತ್ತೆ. "ಪುಸ್ತಕ ತೆಗೆದು, ಹೀಗೇ ಬೆರಳು ಮಡಚ್ಕೊಂಡು, ನಮ್ಮ ಕೆಝಿಯಾ ಕಡೆ ಬೆರಳು ತೋರಿಸ್ಬೇಕು ಅಂತ. ಎಣಿಸ್ಕೊಳ್ಲಿ."

"ಅತ್ತೆ, ಇದು ಸುಳ್ಳಲ್ವಾ?"

ಊಟದ ಮುಂಚಿನ ಮೌನ ಇನ್ನೂ ಆಗಿರಲಿಲ್ಲ, ಜೆತ್ರೋನ ಕಥೆ ಹೇಳಿರಲಿಲ್ಲ, ಜನ ಇನ್ನೂ ತಟ್ಟೆ ಹಿಡಿದು ನಿಂತಿದ್ದರು. ಅತ್ತೆ ಚಾಕು ತೆಗೆದುಕೊಂಡು, ಚೀಸಿನ ಗಟ್ಟಿಯ ಒಂದು ಮೂಲೆಯನ್ನು ಕತ್ತರಿಸಿ ಬಾಯಿಗೆ ಹಾಕಿಕೊಂಡಳು. ಇನ್ನೊಂದು ತುಂಡು ಕತ್ತರಿಸಿ ನನ್ನ ಬಾಯಿಗೂ ತುರುಕಿದಳು. ಬಾಯಿ ತುಂಬಿದ್ದರಿಂದ ಇಬ್ಬರೂ ಸುಮ್ಮನೆ ಕೂತೆವು.

ಮಗು ಡಿಸೆಂಬರ್ ಐದಕ್ಕೆ ಹುಟ್ಟಿತು. ಹೆಣ್ಣು. ಆಸ್ಪತ್ರೆಯಿಂದ ಕೆಝಿಯಾ ಫೋನ್ ಮಾಡಿ, ನನ್ನ ಹೆಸರನ್ನೇ ಇಟ್ಟಿದ್ದೇವೆ ಎಂದಳು. ಹಿಂದೆ ಅದು ಕಿರುಚುವುದು ಕೇಳಿಸುತ್ತಿತ್ತು, ಇವರೂ ಒಂದು ವಾರ ಕಾಯಲಿಲ್ಲ. ಮಾರನೆಯ ಬೆಳಿಗ್ಗೆ ಮೀಟಿಂಗ್‌ಹೌಸಿಗೆ ಹೋಗಿ ಪುಸ್ತಕ ತೆಗೆದೆ. ಮದುವೆಯ ಸಾಲು ಅಲ್ಲಿತ್ತು, ಮೂರನೇ ತಿಂಗಳ ಏಳನೇ ತಾರೀಖು, ನನ್ನದೇ ಅಕ್ಷರದಲ್ಲಿ. ಈಗ ಬರೆದೆ: 'ಪೇಷನ್ಸ್, ಕೆಝಿಯಾ ಮತ್ತು ಸಾಂಟೊ ಅವರ ಮಗಳು, ಹನ್ನೆರಡನೇ ತಿಂಗಳ ಐದನೇ ತಾರೀಖು.' ಒಂಬತ್ತು ತಿಂಗಳಿಗೆ ಎರಡು ದಿನ ಕಡಿಮೆ. ಮುಂದೆ ಓದುವವರಿಗೆ ಗೊತ್ತಾಗಲಿ ಅಂತ ಅಂಚಿನಲ್ಲಿ ಒಂದು ಟಿಪ್ಪಣಿ ಹಾಕಬೇಕಲ್ಲ, ದಾಖಲೆಯವಳ ಧರ್ಮ ಅದು, ಅಂದುಕೊಂಡು ಪೆನ್ನನ್ನು ಅಂಚಿನ ತನಕ ಒಯ್ದೆ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಪುಸ್ತಕವನ್ನು ಬೀರುವಿನಲ್ಲಿಟ್ಟು, ಮಗು ನೋಡಲು ಹೋದೆ.